ಪಕ್ಕದ ಸಾಲು ನೋಡು

ಇವತ್ತು ಬೆಳೆಗಿಂತ ಮಕ್ಕಳ ವಿಚಾರ ಜಾಸ್ತಿ ಇದೆ, ಓದಿ.

ನಾಗಸಂದ್ರದಲ್ಲಿ ಬೆಳೆಯೋ ಮಕ್ಕಳು ದಿನಾ ನೋಡೋದು ಪೀಣ್ಯದ ಲೆಕ್ಕ. ಶಿಫ್ಟ್ ಮುಗಿಸಿದ್ರೆ ಸಂಬಳ, ಓಟಿ ಮಾಡಿದ್ರೆ ಇನ್ನಷ್ಟು. ಕಷ್ಟಪಟ್ರೆ ಫಲ ಸಿಕ್ಕೇ ಸಿಗುತ್ತೆ ಅಂತ ನಾವೂ ಹೇಳ್ತೀವಿ. ಅದು ಅರ್ಧ ನಿಜ. ಅಷ್ಟನ್ನೇ ನಂಬಿದ ಮಗು, ಬೆಳೆ ಕಳ್ಕೊಂಡ ರೈತನ್ನ ನೋಡಿ ಸೋಮಾರಿ ಅಂದ್ಕೊಳ್ಳುತ್ತೆ. 2022ರಲ್ಲಿ ಬೆಂಗಳೂರಿಗೆ ದಾಖಲೆ ಮಳೆ. ಮರುವರ್ಷವೇ ರಾಜ್ಯದ 223 ತಾಲ್ಲೂಕು ಬರಪೀಡಿತ. ಎರಡೂ ವರ್ಷ ನಮ್ಮದು ಅದೇ ಹೊಲ, ಅದೇ ಕೂರಿಗೆ. 2023ರ ಜುಲೈಯಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿತು. ತಡವಾಗಿ ನಾಟಿ ಮಾಡಿದೋನು ಕಷ್ಟಪಟ್ಟಿರಲಿಲ್ವಾ?

ಅದಕ್ಕೆ 2024ರಲ್ಲಿ ಆಶ್ಲೇಷ ಮಳೆಗೆ ರಾಗಿ ಬಿತ್ತಿದಾಗ ಮೊಮ್ಮಗಳಿಗೆ ಹತ್ತು ಸಾಲು, ಅವಳ ತಮ್ಮನಿಗೆ ಹತ್ತು ಸಾಲು ಬಿಟ್ಟುಕೊಟ್ಟೆ. ಕಳೆ ತೆಗೆಯೋದು, ಒತ್ತಾಗಿರೋ ಪೈರು ತೆಳು ಮಾಡೋದು ಎಲ್ಲಾ ಅವರದ್ದೇ. ಹುಡುಗ ಎರಡು ಭಾನುವಾರ ಕ್ರಿಕೆಟ್ಟಿಗೆ ಹೋದ. ರಾಗಿ ಕಾಣದಷ್ಟು ಹುಲ್ಲು ಬಂತು.

"ತಾತ, ಮಳೆ ಜಾಸ್ತಿ ಆಗೋಯ್ತು" ಅಂದ.

"ಪಕ್ಕದ ಸಾಲು ನೋಡು. ಅಕ್ಕನ ಸಾಲಿಗೆ ಬೇರೆ ಮಳೆ ಬಿತ್ತಾ?"

ಮಾತಿಲ್ಲ. ಕುಡುಗೋಲು ತಗೊಂಡು ಇಳಿದ.

ಡಿಸೆಂಬರ್ ಶುರುವಿಗೆ ಫೆಂಗಲ್ ಚಂಡಮಾರುತದ ಮಳೆ ಹಿಡೀತು. ಎರಡು ದಿನ ಮೊದಲೇ ಮೊಬೈಲಲ್ಲಿ ಸೂಚನೆ ಬಂದಿತ್ತು, ಕೊಯ್ದಿದ್ದನ್ನ ಒಟ್ಟಿ ಟಾರ್ಪಾಲು ಹೊದಿಸಿದ್ವಿ. ನಿಂತಿದ್ದ ರಾಗಿ ಮಲಗಿಬಿಡ್ತು. ಮೊಮ್ಮಗಳ ಸಾಲುಗಳೂ ಮಲಗಿದ್ವು. "ಎಲ್ಲಾ ಸರಿಯಾಗೇ ಮಾಡಿದ್ನಲ್ಲ ತಾತ" ಅಂತ ಅತ್ತಳು. ಅವಳಿಗೂ ಅದನ್ನೇ ಹೇಳಿದೆ, ಪಕ್ಕದ ಸಾಲು ನೋಡು ಅಂತ. ಅವಳ ತಮ್ಮಂದು, ನಂದು, ಬೇಲಿ ಆಚೆಯವರದ್ದು, ಎಲ್ಲಾ ಮಲಗಿತ್ತು. "ಇದು ನಿನ್ನ ಕೈಯಿಂದ ಆಗಿದ್ದಲ್ಲ ಕಣವ್ವ" ಅಂದೆ. ಮೂಗು ಒರೆಸ್ಕೊಂಡು, "ಈಗ ಹೆಂಗೆ ಕೊಯ್ಯೋದು?" ಅಂದ್ಳು. ಬಿಸಿಲು ಬಂದ ಮೇಲೆ ಪೈರು ಎತ್ತಿ ಹಿಡಿದು ಕೊಯ್ಯೋದು ತೋರಿಸಿದೆ. ಮೆಷಿನ್ ಇಳಿಯೋ ಹಾಗಿರಲಿಲ್ಲ. ಕೆಲವು ತೆನೆ ಮೊಳಕೆ ಬಂದಿತ್ತು, ಉಳಿದದ್ದು ಮನೆಗೆ ಬಂತು.

ನಾವು ಎಷ್ಟೋ ಸಲ ಉಲ್ಟಾ ಮಾಡ್ತೀವಿ. ಕೈಲಿಲ್ಲದ್ದಕ್ಕೆ ಮಕ್ಕಳನ್ನ ಬೈತೀವಿ, ಕೈಲಿರೋದಕ್ಕೆ "ಹೋಗ್ಲಿ ಪಾಪ" ಅಂತೀವಿ. (ಮೆಟ್ರೊ ಮಾದಾವರಕ್ಕೆ ಬಂದ ಮೇಲೆ ಸೈಟು ಮಾಡೋರು ದಿನಾ ಹೊಲ ಕೇಳ್ಕೊಂಡು ಬರ್ತಾರೆ. ಬರೋದು ನಮ್ಮ ಕೈಲಿಲ್ಲ, ಸೈನ್ ಹಾಕೋದು ನಮ್ಮ ಕೈಲಿದೆ. ಅದು ಇನ್ನೊಂದು ದಿನ.)

ಇವೆರಡರ ನಡುವೆ ಇನ್ನೊಂದಿದೆ, ಅದು ನಮ್ಮ ಹಿರಿಯರ ಅಕ್ಕಡಿ ಸಾಲು. ಮಳೆ ಹೇಗೆ ಬರುತ್ತೋ ಗೊತ್ತಿಲ್ಲ, ಎಷ್ಟು ಥರದ ಬೀಜ ಹಾಕ್ತೀವಿ ಅನ್ನೋದು ನಮ್ದು. ಕೂರಿಗೆ ಹಿಂದೆ ಸಡ್ಡೆ ಕಟ್ಟಿ ಅವರೆ, ಜೋಳ ಬಿಡ್ತಿದ್ರು. ರಾಗಿ ಕೈಕೊಟ್ರೆ ಅವರೆ, ಅದೂ ಹೋದ್ರೆ ದನಕ್ಕೆ ಜೋಳದ ಸಪ್ಪೆ. ಆ ಸಲ ನಮಗೂ ಸಾರಿಗಾಗುವಷ್ಟು ಅವರೆಕಾಯಿ ಸಿಕ್ತು, ಹುಡುಗ್ರೇ ಬಿಡಿಸಿದ್ರು.

ಮುಂದಿನ ಸಲ ತನ್ನ ಸಾಲಲ್ಲಿ ಹುಚ್ಚೆಳ್ಳೂ ಹಾಕ್ತಾಳಂತೆ ಮೊಮ್ಮಗಳು. ನಾಟಿ ಬೀಜ ಯಾರ ಹತ್ರ ಇದ್ರೂ ತಿಳಿಸಿ, ಒಂದು ಪಾವು ಸಾಕು.