ಕಡೆಗೆ ಬಿದ್ದ ಉಪ್ಪು

ಅಡುಗೆಮನೆಯ ಹೊಸ್ತಿಲನ್ನು ನಾನು ಕೆಲಸಕ್ಕಾಗಿ ದಾಟಿದ್ದು 65 ತುಂಬಿದ ಮೇಲೆ. ಅದೂ ಸ್ವಂತ ಇಚ್ಛೆಯಿಂದಲ್ಲ. ಮಗಳ ಬಾಣಂತನಕ್ಕೆಂದು ನನ್ನಾಕೆ ಅಮೆರಿಕದ ವಿಮಾನ ಹತ್ತಿದಳು. ನಾನು ಮೈಸೂರಿನ ಮನೆಗೆ ಬೀಗ ಹಾಕಿ, ನರಸೀಪುರ ತಾಲ್ಲೂಕಿನ ಮೂಗೂರಿನಲ್ಲಿ ಒಬ್ಬಳೇ ಇದ್ದ ಅಮ್ಮನ ಬಳಿಗೆ ಹೋದೆ.

ತ್ರಿಪುರಸುಂದರಿಯ ಗುಡಿಯಿರುವ ಊರು ಅದು. ಅಮ್ಮನಿಗೆ 87 ವರ್ಷ. ರಕ್ತದ ಒತ್ತಡ ಏರಿತ್ತು. ವೈದ್ಯರು ಉಪ್ಪನ್ನು ಅರ್ಧಕ್ಕಿಳಿಸಿ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪೂ ಇರಬಾರದಂತೆ. ಎಂದರೆ ಮಟ್ಟಸವಾದ ಒಂದು ಟೀ ಚಮಚಕ್ಕಿಂತ ಕಡಿಮೆ. ಅಮ್ಮನ ಉಪ್ಪಿನಕಾಯಿ ಜಾಡಿಯ ಮುಂದೆ ಈ ಲೆಕ್ಕ ಹೇಳುವ ಧೈರ್ಯ ಯಾರಿಗುಂಟು?

ಉಪ್ಪು ತಗ್ಗಿತು, ಊಟವೂ ತಗ್ಗಿತು. ಎರಡು ತುತ್ತು ಉಂಡು ತಟ್ಟೆ ಸರಿಸುವಳು. “ಸಪ್ಪೆ ತಿಂದು ನೂರು ವರ್ಷ ಇರಬೇಕೆ?” ಎನ್ನುವಳು. ಮಣಿಕಟ್ಟಿನಲ್ಲಿ ನಿಲ್ಲುತ್ತಿದ್ದ ಬಳೆ, ಕೈ ಎತ್ತಿದರೆ ಮೊಣಕೈವರೆಗೆ ಜಾರತೊಡಗಿತು. ಅದನ್ನು ನೋಡಿ ನನಗೆ ದಿಗಿಲಾಯಿತು. ಉಪ್ಪು ಕೊಟ್ಟರೆ ಒಂದು ಭಯ, ಕೊಡದಿದ್ದರೆ ಇನ್ನೊಂದು.

ಆಗ ಶ್ರೀರಾಮನವಮಿ ಹತ್ತಿರವಾಗಿತ್ತು. ಅಮ್ಮನಿಗೆ ಕೋಸಂಬರಿ ಪ್ರಾಣ. ಮಗಳಿಗೆ ಫೋನಿನಲ್ಲಿ ಹೇಳಿದೆ. “ಅಪ್ಪ, ಇಲ್ಲಿ ಇದಕ್ಕೆ ಸಲಾಡ್ ಅಂತಾರೆ. ಮೂರು ಪಾಲು ಎಣ್ಣೆ, ಒಂದು ಪಾಲು ವಿನಿಗರ್, ಚೂರು ಅರೆದ ಸಾಸಿವೆ ಹಾಕಿ ಚೆನ್ನಾಗಿ ಕಲಕಿ ಮೇಲೆ ಸುರಿದರೆ ಆಯಿತು. ಫ್ರೆಂಚರ ವಿನೆಗ್ರೆಟ್,” ಎಂದಳು. ನಾನು ಆಜ್ಞಾಧಾರಕ. ವಿನಿಗರಿನ ಬದಲು ನಿಂಬೆರಸ ಹಾಕಿ, ಕಡಲೆಕಾಯಿ ಎಣ್ಣೆಯನ್ನು ಅಳೆದು ಸುರಿದೆ. ಅಮ್ಮ ಒಂದು ಕಾಳು ಬಾಯಿಗಿಟ್ಟು ಕೇಳಿದಳು: “ಇದು ತಿನ್ನೋದೋ, ತಲೆಗೆ ಒತ್ತಿಕೊಳ್ಳೋದೋ?”

ಸೋತವನಿಗೆ ಬುದ್ಧಿ ಬರುತ್ತದೆ. ಕುಳಿತು ಯೋಚಿಸಿದೆ. ಅವರದು ಸೊಪ್ಪಿನ ಎಲೆ. ಎಲೆಯ ಮೈ ನುಣುಪು. ಬರಿಯ ಹುಳಿನೀರು ಅದರ ಮೇಲೆ ನಿಲ್ಲದು. ಎಣ್ಣೆ ಅಂಟಿಕೊಂಡು ಹುಳಿಯನ್ನೂ ಹಿಡಿದು ನಿಲ್ಲಿಸುತ್ತದೆ. ಎಣ್ಣೆಗೂ ಹುಳಿಗೂ ಇರುವ ಹಗೆಯನ್ನು ಅರೆದ ಸಾಸಿವೆ ಸ್ವಲ್ಪ ಹೊತ್ತು ಸಂಧಾನದಲ್ಲಿಡುತ್ತದೆ. ನಮ್ಮದಾದರೋ ನೆನೆದು ಉಬ್ಬಿದ ಹೆಸರುಬೇಳೆ, ನೀರು ತುಂಬಿದ ಸೌತೆಕಾಯಿ. ಇವಕ್ಕೆ ಎಣ್ಣೆಯ ಹೊದಿಕೆ ಬೇಕಿಲ್ಲ. ನಮ್ಮ ಎಣ್ಣೆಯ ಕೆಲಸವೇ ಬೇರೆ. ಇಂಗು, ಸಾಸಿವೆ, ಕರಿಬೇವುಗಳ ಘಮವನ್ನು ಹೊತ್ತು ತರುವುದು. ಅದಕ್ಕೆ ಒಂದು ಬಟ್ಟಲಿಗೆ ಒಂದು ಟೀ ಚಮಚ ಎಣ್ಣೆಯ ಒಗ್ಗರಣೆ ಸಾಕು.

ಸಾಸಿವೆಯೂ ಎರಡು ಬಗೆ. ಕಾದ ಎಣ್ಣೆಯಲ್ಲಿ ಸಿಡಿದರೆ ಅದರ ಘಾಟು ಸತ್ತು, ಹುರಿದ ಬೀಜದ ಸೌಮ್ಯ ರುಚಿ ಉಳಿಯುತ್ತದೆ. ಹಸಿಯಾಗಿ ನೀರಿನೊಡನೆ ಅರೆದರೆ ಘಾಟು ಹುಟ್ಟಿ ಮೂಗಿಗೇರುತ್ತದೆ. ಆದ್ದರಿಂದ ಸೌತೆಕಾಯಿಯನ್ನು ಕಾಯಿತುರಿ, ಮೊಸರುಗಳಿಗೆ ಕೂಡಿಸುವಾಗ ಅರೆದ ಸಾಸಿವೆ. ಕೋಸಂಬರಿಗೆ ಸಿಡಿದ ಸಾಸಿವೆ. ಹುಳಿಯಲ್ಲೂ ಹೀಗೆಯೇ ಆಯ್ಕೆಯುಂಟು. ಸಿಹಿಯಾದ ಕ್ಯಾರೆಟ್ಟಿಗೆ ನಿಂಬೆ ಸ್ವಲ್ಪ ಮುಂದಾಗಬೇಕು. ಮಾವಿನಕಾಯಿ ತುರಿದು ಹಾಕಿದ ದಿನ ನಿಂಬೆ ಹಿಂದೆ ಸರಿಯಬೇಕು. ತಾನೇ ಖಾರವಾದ ಮೂಲಂಗಿಯನ್ನು ಮೊಸರು ಸಮಾಧಾನಪಡಿಸುತ್ತದೆ.

ಇಷ್ಟಾದರೂ ಉಪ್ಪಿನ ಪ್ರಶ್ನೆ ಹಾಗೆಯೇ ಉಳಿಯಿತು. ಉತ್ತರ ಅಮ್ಮನ ಬಾಯಲ್ಲೇ ಇತ್ತು. ನಾವು ಹುಡುಗರಾಗಿದ್ದಾಗ ಆಕೆ ಅಕ್ಕನಿಗೆ ಹೇಳುತ್ತಿದ್ದ ಮಾತು ಒಂದು ಮಧ್ಯಾಹ್ನ ಥಟ್ಟನೆ ನೆನಪಾಯಿತು: “ಎಲೆ ಹಾಕಿದ ಮೇಲೆ ಉಪ್ಪು ಹಾಕೇ. ಮೊದಲೇ ಹಾಕಿದರೆ ಕೋಸಂಬರಿ ಅಳುತ್ತೆ.”

ಅಳುವುದೆಂದರೆ ನೀರು ಬಿಡುವುದು. ಉಪ್ಪು ಸೌತೆಕಾಯಿಯ ಒಳಗಿನ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಆ ನೀರಿನೊಡನೆ ತಾನೂ ಕರಗಿ ಪಾತ್ರೆಯ ತಳ ಸೇರುತ್ತದೆ. ಮೇಲಿನದು ಸಪ್ಪೆಯೆನಿಸಿ ನಾವು ಇನ್ನಷ್ಟು ಉಪ್ಪು ಹಾಕುತ್ತೇವೆ. ಕಡೆಗೆ ಬಿದ್ದ ಉಪ್ಪಾದರೋ ಹೋಳಿನ ಮೈಮೇಲೆಯೇ ನಿಂತು ನಾಲಗೆಯನ್ನು ಮೊದಲು ಮುಟ್ಟುತ್ತದೆ. ಜೊತೆಗೆ ಹುಳಿಯಿದ್ದರೆ ಇದ್ದಷ್ಟು ಉಪ್ಪೇ ಹೆಚ್ಚಾಗಿ ತೋರುತ್ತದೆ.

ನವಮಿಯ ದಿನ ಬೇಳೆಯನ್ನು ಸೋಸಿ ಚೆನ್ನಾಗಿ ಬಸಿದೆ. ಸೌತೆಕಾಯಿ, ಕಾಯಿತುರಿ, ಹಸಿಮೆಣಸು, ಕೊತ್ತಂಬರಿ ಕೂಡಿಸಿ ಇಂಗಿನ ಒಗ್ಗರಣೆ ಕೊಟ್ಟೆ. ಅದು ಆರಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದೆ. ಅಮ್ಮನನ್ನು ಕೂರಿಸಿ, ಎಲೆಗೆ ಬಡಿಸುವ ಗಳಿಗೆಯಲ್ಲಿ, ಹಿಂದೆ ಹಾಕುತ್ತಿದ್ದುದರ ಅರ್ಧದಷ್ಟು ಉಪ್ಪು ಉದುರಿಸಿ ಕಲಸಿದೆ.

ಅಮ್ಮ ತಿಂದಳು. ಮಾತಿಲ್ಲ. ಮತ್ತೆ ಬಡಿಸು ಎಂಬಂತೆ ಬೆರಳಿನಿಂದ ಎಲೆ ತೋರಿಸಿದಳು. ಎರಡನೆಯ ಸಲ ಮುಗಿಸಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ಹೇಳಿದಳು:

“ಇವತ್ತು ಉಪ್ಪು ಸರಿಯಾಗಿ ಹಾಕಿದ್ದೀಯ ಕಣೋ. ನಾನು ಡಾಕ್ಟರಿಗೆ ಹೇಳೋಲ್ಲ. ನೀನೂ ಹೇಳಬೇಡ.”

ತಾಯಿಯ ಮೇಲಿನ ಮರುಕಕ್ಕೆ ಮಗ ಕಟ್ಟಳೆ ಮುರಿದನೆಂದು ಆಕೆ ತಿಳಿದಿದ್ದಳು. ನಿಜ ಹೇಳೋಣವೆಂದು ಬಾಯಿ ತೆರೆದೆ. ಆ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಂಡ ಗೆಲುವನ್ನು ನೋಡಿ ಸುಮ್ಮನಾದೆ. “ಹೇಳೋಲ್ಲಮ್ಮ,” ಎಂದೆ. ಅಂದಿನಿಂದ ನಾವಿಬ್ಬರೂ ಅಪರಾಧಿಗಳು. ತಟ್ಟೆ ಮಾತ್ರ ದಿನವೂ ಖಾಲಿಯಾಗುತ್ತಿದೆ.