ಸದ್ದು ಮಾಡದ ಕಾಯಿ

20 ವರ್ಷದಿಂದ ಸಸ್ಯಶಾಸ್ತ್ರ ಪಾಠ ಮಾಡ್ತಿದೀನಿ. ಎಳನೀರು ಅಂದ್ರೆ ದ್ರವರೂಪದ ಎಂಡೋಸ್ಪರ್ಮ್, ಬಲಿತಾ ಬಲಿತಾ ಮೊದಲು ಗಂಜಿ, ಆಮೇಲೆ ಗಟ್ಟಿ ತಿರುಳು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳ್ತೀನಿ. ನಿನ್ನೆ ಎಳನೀರಿನ ಗಾಡಿ ಮುಂದೆ ನಿಂತು, ರಾಶಿಯಲ್ಲಿ ದಪ್ಪಗಿದ್ದದ್ದನ್ನೇ ಎತ್ತಿ ಅಲ್ಲಾಡಿಸಿದೆ. ಗುಳುಗುಳು ಅಂತು.

"ಇದನ್ನೇ ಕೊಡಿ, ತುಂಬ ನೀರಿದೆ."

"ಸದ್ದು ಬಂದ್ರೆ ಬಲ್ತೈತೆ ಅಂತ ಸಾ. ಎಳೇದು ಬಾಯಿಮಟ್ಟ ತುಂಬಿರ್ತದೆ, ಅಲ್ಲಾಡಕ್ಕೆ ಜಾಗ ಎಲ್ಲಿ?"

ಮಚ್ಚಿನ ಬೆನ್ನಿಂದ ನಾಲ್ಕೈದು ಕಾಯಿ ತಟ್ಟಿ, ಗಿಡ್ಡದೊಂದನ್ನ ಆರಿಸಿ ಕೊಚ್ಚಿದರು. ಕುಡಿದಷ್ಟೂ ಮುಗಿಯದ ನೀರು. ಬಲಿತಂತೆ ನೀರು ಇಳಿದು ಒಳಗೆ ಗಾಳಿ ಸೇರೋದು ನನ್ನ ಪಾಠದಲ್ಲೂ ಇದೆ (ಪರೀಕ್ಷೆಗೂ ಕೇಳಿರ್ತೀನಿ!), ಕಿವಿಗೆ ಮಾತ್ರ ಇಳಿದಿರಲಿಲ್ಲ.

"ತಟ್ಟಿದ್ರೆ ಏನು ಕೇಳ್ಸುತ್ತೆ ನಿಮ್ಗೆ?" ಅಂದೆ.

ಮಚ್ಚು ನನ್ನ ಕೈಗೇ ಕೊಟ್ಟರು.