ಕೈಯ ಹದ

ಹಿಟಾಚಿ ಆಪರೇಟರ್ ಒಬ್ಬನ ಕೈ ಎಷ್ಟು ಪಳಗಿದೆ ಎಂದು ತಿಳಿಯಲು ಅವನು ಗುಡ್ಡ ಕಡಿಯುವುದನ್ನು ನೋಡಬೇಕಾಗಿಲ್ಲ, ಟಿಪ್ಪರಿಗೆ ಮಣ್ಣು ತುಂಬುವುದನ್ನು ನೋಡಿದರೆ ಸಾಕು. ಕೈ ಪಳಗದವನು ಬಕೆಟ್ಟನ್ನು ಆಳೆತ್ತರದಿಂದ ಮಗುಚುತ್ತಾನೆ. ಮಣ್ಣು ದಬ್ಬೆಂದು ಬಿದ್ದು ಇಡೀ ಗಾಡಿ ಕುಲುಕಿಹೋಗುತ್ತದೆ. ಪಳಗಿದವನು ಬಕೆಟ್ಟನ್ನು ಬಾಡಿಯ ಒಳಗೆ ಇಳಿಸಿ, ಅಲ್ಲೇ ಮೆಲ್ಲಗೆ ಬಿಚ್ಚುತ್ತಾನೆ. ಮೊದಲ ಬಕೆಟ್ಟಿಗೆ ಪುಡಿಮಣ್ಣೇ ಇರುತ್ತದೆ. ದೊಡ್ಡ ಕಲ್ಲುಗಳನ್ನು ಆಮೇಲೆ ಆ ಮಣ್ಣಿನ ಹಾಸಿನ ಮೇಲೆ ಇಡುತ್ತಾನೆ. ತುಂಬಿದ ಬಕೆಟ್ ಯಾವತ್ತೂ ಡ್ರೈವರಿನ ಕ್ಯಾಬಿನ್ ಮೇಲಿಂದ ಹಾಯುವುದಿಲ್ಲ, ಗಾಡಿಯ ಹಿಂಬದಿಯಿಂದಲೇ ಬರುತ್ತದೆ. ಹೀಗೆ ತುಂಬಿಸಿಕೊಂಡು ಹೊರಟ ಟಿಪ್ಪರನ್ನು ನೋಡುವುದೇ ನನಗೊಂದು ಖುಷಿ. ಮಣ್ಣು ಒಂದೇ ಸಮ ಕೂತಿರುತ್ತದೆ, ದಾರಿಯಲ್ಲಿ ಒಂದು ಹೆಂಟೆಯೂ ಉದುರುವುದಿಲ್ಲ.

ಈ ಕೆಲಸದ ಸುಖವೆಲ್ಲ ಎರಡು ಲಿವರುಗಳಲ್ಲಿದೆ. ಬಹುತೇಕ ಯಂತ್ರಗಳಲ್ಲಿ ಎಡಗೈಯದು ಕ್ಯಾಬಿನ್ನನ್ನು ತಿರುಗಿಸುತ್ತದೆ, ಬಕೆಟ್ ಹಿಡಿದ ಮುಂದಿನ ತೋಳಾದ ಆರ್ಮನ್ನು ಒಳಗೆ ಹೊರಗೆ ಆಡಿಸುತ್ತದೆ. ಬಲಗೈಯದು ಬುಡದ ದೊಡ್ಡ ತೋಳಾದ ಬೂಮನ್ನು ಏರಿಸಿ ಇಳಿಸುತ್ತದೆ, ಬಕೆಟ್ಟನ್ನು ಮಡಚಿ ಬಿಚ್ಚುತ್ತದೆ. ಹೊಸಬನು ಒಂದೊಂದಾಗಿ ಮಾಡುತ್ತಾನೆ: ಬೂಮ್ ಎತ್ತಿದ, ನಿಲ್ಲಿಸಿದ, ತಿರುಗಿಸಿದ, ನಿಲ್ಲಿಸಿದ. ಕೈ ಕೂಡಿದ ಮೇಲೆ ನಾಲ್ಕೂ ಚಲನೆ ಒಂದರೊಳಗೊಂದು ಬೆರೆಯುತ್ತವೆ. ಎಲ್ಲಕ್ಕಿಂತ ಕಷ್ಟದ್ದು, ನನಗೆ ಎಲ್ಲಕ್ಕಿಂತ ಪ್ರೀತಿಯದು, ಲೆವೆಲ್ ಮಾಡುವ ಕೆಲಸ. ಚಾಚಿದ ಆರ್ಮನ್ನು ಸುಮ್ಮನೆ ಎಳೆದುಕೊಂಡರೆ ಬಕೆಟ್ಟಿನ ಹಲ್ಲು ನೇರ ಗೆರೆಯಲ್ಲಿ ಬರುವುದಿಲ್ಲ, ಕಮಾನಿನಂತೆ ನೆಲದೊಳಗೆ ಇಳಿದು ಮತ್ತೆ ಮೇಲೇಳುತ್ತದೆ. ಅದಕ್ಕೇ ಆರ್ಮ್ ನೆಟ್ಟಗಾಗುವವರೆಗೆ ಬೂಮನ್ನು ಕೂದಲೆಳೆಯಷ್ಟು ಏರಿಸುತ್ತಾ ಬರಬೇಕು. ನೆಟ್ಟಗಾಗಿ ಹಿಂದೆ ವಾಲತೊಡಗಿದ ಮೇಲೆ ಅಷ್ಟೇ ನಯವಾಗಿ ಇಳಿಸಬೇಕು, ಜೊತೆಗೆ ಬಕೆಟ್ಟಿನ ಕೋನವನ್ನೂ ತಿದ್ದುತ್ತಿರಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ಮಳೆ ಬಿದ್ದ ನೆಲದಲ್ಲಿ ಇದನ್ನೇ ಮಾಡಿಸುತ್ತಿದ್ದರು. ಎಕ್ಸಲರೇಟರ್ ಕಡಿಮೆ ಇಡಬೇಕು, ಬಕೆಟ್ ಎಳೆದ ಜಾಗದಲ್ಲಿ ಬೆರಳ ಗಾತ್ರಕ್ಕಿಂತ ಆಳದ ಗೀರು ಉಳಿಯಬಾರದು. 20 ಟನ್ನಿನ ಕಬ್ಬಿಣ ನೆಲವನ್ನು ಸವರಿಕೊಂಡು ಬಂದು ಕಾಲಬುಡದಲ್ಲಿ ನಿಲ್ಲುವಾಗ ಅಂಗೈಯಲ್ಲಿ ಒಂದು ಸಣ್ಣ ಕಂಪನ ಉಳಿಯುತ್ತದೆ. ಅದಕ್ಕಾಗಿಯೇ ಇವತ್ತಿಗೂ ನಾನು ಆ ಸೀಟು ಹತ್ತುವುದು.

ಈ ನಯ ಬರೀ ಅಂದಕ್ಕಲ್ಲ. ಜರ್ಕು ಹೊಡೆಯದ ಯಂತ್ರ ಅಂಚಿನ ಮಣ್ಣನ್ನು ಅದುರಿಸುವುದಿಲ್ಲ, ಪಿನ್ನು ಬುಷ್ಷು ಬೇಗ ಸವೆಯುವುದಿಲ್ಲ, ಬಕೆಟ್ಟಿನಿಂದ ಕಲ್ಲು ಜಾರಿ ಯಾರ ಮೇಲೂ ಬೀಳುವುದಿಲ್ಲ. ಚಂದದ ಕೆಲಸ, ಅಪಾಯವಿಲ್ಲದ ಕೆಲಸ ಎಂದು ಎರಡು ಬೇರೆ ಕೈಗಳಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ರಾಜ್ಯಕ್ಕೂ ಈ ಯಂತ್ರಗಳಿಗೂ ಹಳೆಯ ನಂಟು. 1964ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಡೋಜರ್ ಕಟ್ಟುತ್ತದೆ, ಮೈಸೂರಿನಲ್ಲಿ ಗಣಿಯ ಡಂಪರ್ ಕಟ್ಟುತ್ತದೆ. ಟಾಟಾ ಹಿಟಾಚಿಗೆ ಧಾರವಾಡದಲ್ಲಿ ಕಾರ್ಖಾನೆ ಇದೆ, ವೋಲ್ವೊದ್ದು ಪೀಣ್ಯದಲ್ಲಿದೆ. ಯಂತ್ರಕ್ಕೆ ನಮ್ಮಲ್ಲಿ ಬರವಿಲ್ಲ. ಕೊರತೆ ಇರುವುದು ಕಲಿಸುವವರದು. ನಮ್ಮಲ್ಲಿ ಹೆಚ್ಚಿನವರು ಹೆಲ್ಪರಾಗಿ ಸೇರಿ, ಗ್ರೀಸ್ ಹೊಡೆದು, ಡೀಸೆಲ್ ಕ್ಯಾನು ಹೊತ್ತು, ಆಪರೇಟರ್ ಊಟಕ್ಕೆ ಇಳಿದ ಹೊತ್ತಿನಲ್ಲಿ ಲಿವರ್ ಹಿಡಿದು ಕಲಿತವರು. ಹಾಗೆ ಕಲಿತರೆ ಅಗೆಯುವುದು ಬಂದುಬಿಡುತ್ತದೆ. ಯಾವಾಗ ಅಗೆಯಬಾರದು ಎಂಬುದನ್ನು ಮಾತ್ರ ಒಬ್ಬರು ಪಕ್ಕದಲ್ಲಿ ನಿಂತು ಹೇಳಿಕೊಡಬೇಕಾಗುತ್ತದೆ.

ಬೆಳಿಗ್ಗೆ ಕೀ ತಿರುಗಿಸುವ ಮೊದಲು ಯಂತ್ರಕ್ಕೆ ಒಂದು ಸುತ್ತು ಬರುತ್ತೇನೆ. ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಹೈಡ್ರಾಲಿಕ್ ಆಯಿಲಿನ ಗಾಜು. ಚೈನು ಸಡಿಲವಾಗಿದೆಯೋ, ಬಕೆಟ್ಟಿನ ಹಲ್ಲು ಅಲುಗುತ್ತಿದೆಯೋ, ಪಿನ್ನಿನ ಲಾಕು ಜಾಗದಲ್ಲಿದೆಯೋ. ಹೋಸಿನ ಮೈ ಒದ್ದೆಯಾಗಿ ಕಂಡರೆ ಬರಿಗೈಯಿಂದ ಸವರಿ ನೋಡುವುದಿಲ್ಲ. ಈ ಗಾತ್ರದ ಯಂತ್ರ ಕೆಲಸ ಮಾಡುವಾಗ ಹೋಸಿನೊಳಗಿನ ಹೈಡ್ರಾಲಿಕ್ ಎಣ್ಣೆಯ ಒತ್ತಡ 300 ಬಾರ್ ದಾಟುತ್ತದೆ, ಕಾರಿನ ಟೈರಿನ ಗಾಳಿಗಿಂತ ನೂರು ಪಟ್ಟಿಗೂ ಮೇಲೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಚ್ಚಿದ ಗುರುತಷ್ಟೇ ಕಾಣುತ್ತದೆ, ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಹಾಗೇನಾದರೂ ಆದರೆ ನೋವಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿದರೆ ಸಾಕು.

ಆ ಸುತ್ತಿನಲ್ಲಿ ನಾನು ಬಗ್ಗಿ ಯಂತ್ರದ ಅಡಿಯನ್ನೂ ನೋಡುತ್ತೇನೆ. ರಾತ್ರಿ ನಿಲ್ಲಿಸಿದ ಯಂತ್ರದ ಅಡಿ ನಾಯಿ ಮರಿ ಹಾಕಿರುತ್ತದೆ. ಬೇಸಿಗೆಯ ಮಧ್ಯಾಹ್ನ ಊಟ ಮುಗಿಸಿ ಬಂದಾಗಲಂತೂ ಇದನ್ನು ತಪ್ಪಿಸುವಂತಿಲ್ಲ. ಬಯಲು ಸೈಟಿನಲ್ಲಿ ಬೇರೆ ನೆರಳಿಲ್ಲದೆ ಕೂಲಿಯವರು ಚೈನಿಗೆ ಒರಗಿಕೊಂಡೇ ನಿದ್ದೆ ಹೋಗಿರುತ್ತಾರೆ. ನೋಡಿ, ಹತ್ತಿ ಕೂತು, ಹಾರನ್ ಹೊಡೆದು, ಒಂದು ಗಳಿಗೆ ಕಾದು ಆಮೇಲೆ ಸ್ಟಾರ್ಟ್.

ಇನ್ನು ಮಣ್ಣು. ನಾನು ಕೆಲಸ ಮಾಡುವ ಉತ್ತರ ಕನ್ನಡದ ಕರಾವಳಿ, ಘಟ್ಟದ ಬುಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಶೇಡಿ. ಜಂಬಿಟ್ಟಿಗೆ ನಂಬಿಕೆಯ ಕಲ್ಲು. ಬಾವಿ ತೋಡಿದರೆ ಕಟ್ಟೆ ಕಟ್ಟದೆಯೂ ತಲೆಮಾರುಗಟ್ಟಲೆ ನೆಟ್ಟಗೆ ನಿಲ್ಲುತ್ತದೆ. ಬಕೆಟ್ಟಿನ ಹಲ್ಲು ತಾಗಿದರೆ ಕರಕರ ಸದ್ದು, ಬೂಮಿನಲ್ಲಿ ಸಣ್ಣ ನಡುಕ. ಅದೇ ಹಲ್ಲು ಇನ್ನಷ್ಟು ಕೆಳಗೆ ಹೋದಾಗ ಸದ್ದು ಪಕ್ಕನೆ ನಿಂತು, ಬಕೆಟ್ ಸಲೀಸಾಗಿ ಹೊಕ್ಕು, ಬಿಳಿ, ಹಳದಿ, ನಸುಗೆಂಪು ಬೆರೆತ ನುಣ್ಣನೆಯ ಮಣ್ಣು ಮೇಲೆ ಬರುತ್ತದೆ. ಶೇಡಿ ಎಂದರೆ ಅದು. ಒಣಗಿದಾಗ ಗೋಡೆಯ ಹಾಗೆ ಗಟ್ಟಿ, ಬೆರಳಿನಿಂದ ಉಜ್ಜಿದರೆ ಪೌಡರು. ನೀರು ಕುಡಿದರೆ ಇದ್ದ ಬಲವನ್ನೆಲ್ಲ ಬಿಟ್ಟುಕೊಡುತ್ತದೆ. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಸರಾಗ ಇಳಿದು ಶೇಡಿಯ ಮೇಲೆ ಬಂದು ತಂಗುತ್ತದೆ. ಶೇಡಿ ಮೆತ್ತಗಾಗಿ ಜಾರಿದರೆ ಮೇಲಿನ ಗಟ್ಟಿ ಜಂಬಿಟ್ಟಿಗೆಯೂ ಅದರ ಬೆನ್ನೇರಿ ಬಂದುಬಿಡುತ್ತದೆ.

ಮನೆ ಹಿಂದಿನ ಧರೆ ಕಡಿಯುವ ಕೆಲಸಕ್ಕೆ ಹೋದಲ್ಲೆಲ್ಲ ಇದೇ ಚರ್ಚೆ.

"ಇನ್ನೂ ಒಂದು ಮೂರಡಿ ಒಳಗೆ ಹೋಗೋ ಮಾರಾಯ, ಜಾಗ ಸಾಲೂದಿಲ್ಲ."

"ಇಲ್ಲಿಂದ ಕೆಳಗೆ ಶೇಡಿ ಬಂತು ಯಜಮಾನ್ರೇ. ನೆಟ್ಟಗೆ ಕಡಿದ್ರೆ ನಿಲ್ಲೂದಿಲ್ಲ. ಮೆಟ್ಟಿಲು ಮಾಡ್ಕಂಡು ಬರ್ತೆ."

"ಮೆಟ್ಟಿಲು ಮಾಡಿದ್ರೆ ಅಂಗಳವೇ ಉಳೂದಿಲ್ಲಲ್ಲೋ. ಆಚೆ ಮನೆಯವ್ರದ್ದು ನೆಟ್ಟಗೇ ನಿಂತದೆ, ನೋಡು."

"ಅದು ಬೇಸಿಗೆಲಿ ಕಡಿದದ್ದು. ಮಳೆಗಾಲ ಬರ್ಲಿ."

ಇಂಥಲ್ಲಿ ನಾನು ಸೋತುಕೊಡುವುದಿಲ್ಲ. ಧರೆಯನ್ನು ಇಳಿಜಾರು ಮಾಡಿ, ಮೆಟ್ಟಿಲು ಬಿಟ್ಟು, ಧರೆಯ ತಲೆಯ ಮೇಲ್ಗಡೆ ನೀರು ಬೇರೆ ಕಡೆ ಹೋಗಲು ಒಂದು ಅಗಳ ತೆಗೆದೇ ಬರುತ್ತೇನೆ. ಬೇಡವೆಂದರೆ ಯಂತ್ರ ಲೋಡ್ ಮಾಡಿಕೊಂಡು ಹೊರಡುತ್ತೇನೆ. ಹತ್ತಡಿ ಅಂಗಳ ಕಡಿಮೆಯಾದರೆ ಬದುಕಬಹುದು.

2024ರ ಜುಲೈ 16ರಂದು ನಮ್ಮದೇ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ಮನುಷ್ಯರು, ಚಹಾದಂಗಡಿ, ಲಾರಿ ಎಲ್ಲ ಹೋದವು. ನದಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯೇ ಬರಬೇಕಾಯಿತು. ಆ ದಿನಗಳಲ್ಲಿ ಸುರಿಯುವ ಮಳೆಯಲ್ಲಿ, ಇನ್ನೂ ಒದ್ದೆಯಾಗಿದ್ದ ಗುಡ್ಡದ ಬುಡದಲ್ಲೇ ಯಂತ್ರ ನಿಲ್ಲಿಸಿಕೊಂಡು ಮಣ್ಣು ತೆಗೆದ ಆಪರೇಟರುಗಳ ಬಗ್ಗೆ ನನಗಿರುವ ಗೌರವ ಹೇಳತೀರದು. ಕುಸಿದ ಮಣ್ಣನ್ನು ಬುಡದಿಂದ ತೆಗೆದಷ್ಟೂ ಮೇಲಿನದಕ್ಕೆ ಆಸರೆ ತಪ್ಪುತ್ತದೆ. ಕೈ ಲಿವರಿನ ಮೇಲಿದ್ದರೂ ಕಣ್ಣು ಗುಡ್ಡದ ಮೇಲಿರಬೇಕಾದ ಕೆಲಸ ಅದು. ಸಣ್ಣ ಕಲ್ಲು ಉರುಳಿತೇ, ಮರ ವಾಲಿತೇ, ಬುಗ್ಗೆಯ ನೀರು ಕೆಸರಾಯಿತೇ ಎಂದು ನೋಡಲಿಕ್ಕೇ ಒಬ್ಬನನ್ನು ದೂರದಲ್ಲಿ ನಿಲ್ಲಿಸಬೇಕು. ಅವನು ಕೈ ಎತ್ತಿದರೆ ಯಾಕೆಂದು ಕೇಳದೆ ಹಿಂದೆ ಬರಬೇಕು.

ಪೈಪಿನ ಚರಂಡಿ ತೆಗೆಯುವುದನ್ನು ಜನ ಸಣ್ಣ ಕೆಲಸ ಎಂದುಕೊಳ್ಳುತ್ತಾರೆ. ನನಗೆ ಹೆಚ್ಚು ಭಯ ಇರುವುದು ಅಲ್ಲೇ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯವರೆಗೆ ಹೂತರೂ ಮನುಷ್ಯ ಉಸಿರೆಳೆದುಕೊಳ್ಳಲಾರ. ಆದ್ದರಿಂದ ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕುವುದಿಲ್ಲ, ಆದಷ್ಟು ದೂರಕ್ಕೆ ಚಾಚಿ ಸುರಿಯುತ್ತೇನೆ. ಗುಂಡಿಯ ಅಂಚಿಗೆ ಚೈನುಗಳನ್ನು ಸಮಾನಾಂತರವಾಗಿ ನಿಲ್ಲಿಸುವುದಿಲ್ಲ. ಅಂಚಿನ ಕಡೆ ಮುಖ ಮಾಡಿ ನಿಂತರೆ, ಮಣ್ಣು ಬಿರುಕು ಬಿಟ್ಟ ಕ್ಷಣ ನೆಟ್ಟಗೆ ಹಿಂದೆ ಸರಿಯಬಹುದು. ಚರಂಡಿ ಸೊಂಟ ದಾಟಿ ಆಳವಾಯಿತೆಂದರೆ ಬದಿಗಳನ್ನು ಇಳಿಜಾರು ಮಾಡದೆ, ಇಲ್ಲವೇ ಹಲಗೆ ಕೊಟ್ಟು ಬಿಗಿಯದೆ ಯಾರನ್ನೂ ಇಳಿಸಗೊಡುವುದಿಲ್ಲ. "ಎರಡೇ ನಿಮಿಷ, ಪೈಪ್ ಜೋಡಿಸಿ ಬಂದ್ಬಿಡ್ತೆ" ಎನ್ನುವವನಿಗೆ ಎಂಜಿನ್ ಆಫ್ ಮಾಡಿ, ಇಳಿದು ಹೋಗಿ, ಇಲ್ಲ ಎಂದು ಹೇಳುತ್ತೇನೆ.

ಇಳಿಜಾರಿನಲ್ಲಿ ಯಂತ್ರ ಓಡಿಸುವಾಗ ಬಕೆಟ್ ನೆಲದಿಂದ ಒಂದಡಿ ಮೇಲೆ, ಅಷ್ಟೇ. ಯಂತ್ರ ಜಾರಿತೆಂದರೆ ಬಕೆಟ್ಟನ್ನೇ ನೆಲಕ್ಕೆ ಊರಿ ತಡೆಯಬಹುದು. ಮಗುಚುವಂತೆ ಕಂಡರೆ ಹೊರಗೆ ಹಾರಬಾರದು. ಹಾರಿದವರು ಯಂತ್ರದ ಅಡಿಗೇ ಸಿಗುತ್ತಾರೆ, ಬೆಲ್ಟು ಬಿಗಿದು ಕೂತವರು ಬಹಳ ಸಲ ಉಳಿಯುತ್ತಾರೆ. ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ಟಿನ ತಂತಿ ಜೋತುಬಿದ್ದಿರುತ್ತದೆ, ಎತ್ತಿದ ಬೂಮು ಅದರಿಂದ ಮೂರು ಮೀಟರಿನೊಳಗೆ ಹೋಗಲೇಬಾರದು. ದೊಡ್ಡ ಲೈನಾದರೆ ಇನ್ನೂ ದೂರ. ತಾಗಿಬಿಟ್ಟರೆ ಕ್ಯಾಬಿನ್ನಿನಲ್ಲೇ ಕೂತು, ಯಾರೂ ಹತ್ತಿರ ಬರದಂತೆ ಕೂಗಿ ಹೇಳಿ, ಲೈನ್ ಆಫ್ ಮಾಡಿಸುವುದು.

ಯಂತ್ರದ ಬೆನ್ನು ಆಪರೇಟರಿಗೆ ಕುರುಡು. ಹಿಂದಿನ ಆ ದಪ್ಪ ತೂಕದ ಭಾಗ ಗೋಡೆಗೋ ಧರೆಗೋ ಹತ್ತಿರವಿದ್ದು, ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡರೆ ನನಗೆ ಲಿವರಿನಲ್ಲಿ ಗೊತ್ತೇ ಆಗುವುದಿಲ್ಲ. ಅಷ್ಟು ಬಲ ಅದಕ್ಕೆ. ನನ್ನ ಹೆಲ್ಪರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದೇ: "ತಮಾ, ನನ್ನ ಕಣ್ಣು ನಿಂಗೆ ಕಾಣ್ತಿಲ್ಲ ಅಂದ್ರೆ ನೀ ನಂಗೆ ಕಾಣ್ತಿಲ್ಲ ಅಂತ ತಿಳ್ಕ." ಅವನು ಹತ್ತಿರ ಬರಬೇಕಾದರೆ ಎದುರಿನಿಂದ ಬಂದು ಕೈ ಎತ್ತಬೇಕು. ನಾನು ಬಕೆಟ್ ನೆಲಕ್ಕಿಟ್ಟು, ಸೀಟಿನ ಎಡಗಡೆಯ ಕೆಂಪು ಲಾಕ್ ಲಿವರ್ ಹಾಕುತ್ತೇನೆ. ಅದು ಬಿದ್ದ ಮೇಲೆ ತೋಳು ತಾಗಿ ಲಿವರ್ ಅಲುಗಿದರೂ ಯಂತ್ರ ಮಿಸುಕುವುದಿಲ್ಲ. ಆಮೇಲೆ ಬಾ ಎಂದು ಕೈ ಬೀಸುತ್ತೇನೆ.

ಕೆಲವು ಕೆಲಸಗಳನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಬಕೆಟ್ಟಿನಲ್ಲಿ ಮನುಷ್ಯರನ್ನು ನಿಲ್ಲಿಸಿ ತೆಂಗಿನಕಾಯಿ ಕೊಯ್ಯಿಸುವುದು, ಮೆರವಣಿಗೆಯಲ್ಲಿ ನಾಯಕರ ಮೇಲೆ ಹೂ ಸುರಿಸಲು ಹುಡುಗರನ್ನು ಮೇಲೆತ್ತುವುದು, ಮದುಮಕ್ಕಳನ್ನು ಕೂರಿಸಿ ಊರು ಸುತ್ತಿಸುವುದು. ಬಕೆಟ್ ಮಾಡಿರುವುದು ಮಣ್ಣಿಗೆ. ಒಂದು ಹೋಸು ಒಡೆದರೆ ಎತ್ತಿದ ತೋಳು ಧಡಕ್ಕನೆ ಕುಸಿಯುತ್ತದೆ, ತಡೆಯಲು ಆಪರೇಟರಿನ ಕೈಯಲ್ಲಿ ಏನೂ ಇರುವುದಿಲ್ಲ. ಮಣ್ಣಾದರೆ ನೆಲಕ್ಕೆ ಚೆಲ್ಲುತ್ತದೆ, ಅಷ್ಟೇ.

ಇಷ್ಟೆಲ್ಲ ಎಚ್ಚರವನ್ನು ಮುರಿಯುವುದು ಹೆಚ್ಚಾಗಿ ಗಂಟೆಯ ಬಾಡಿಗೆ. ಮೀಟರ್ ಓಡುತ್ತಿದೆ, ಮಾಲೀಕರು ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದಾರೆ ಎಂದಾಗ ಕೈ ತಾನಾಗಿ ಜೋರಾಗುತ್ತದೆ. ಆದರೆ ನಾನು ಕಂಡಂತೆ ನಿಧಾನದ ಕೈಯೇ ಬೇಗ ಮುಗಿಸುತ್ತದೆ. ಹೆಚ್ಚು ಅಗೆದು ಮತ್ತೆ ತುಂಬುವುದಿಲ್ಲ, ನೀರಿನ ಪೈಪು ಒಡೆದು ಅರ್ಧ ದಿನ ಕಳೆಯುವುದಿಲ್ಲ. ಮನೆ ಕಟ್ಟುವವರು, ತೋಟ ಮಾಡುವವರು, ಕೃಷಿ ಹೊಂಡ ತೆಗೆಸುವವರು ದಯವಿಟ್ಟು ಬಾಡಿಗೆ ಮಾತಾಡುವಾಗಲೇ ಬೆಳಗಿನ ಒಂದು ಸುತ್ತಿಗೆ, ಗುಂಡಿಯ ಇಳಿಜಾರಿಗೆ ಬೇಕಾದ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ. ಇನ್ನು ಯಂತ್ರ ಕೆಲಸ ಮಾಡುವುದನ್ನು ನೋಡಲು ನಮ್ಮೂರುಗಳಲ್ಲಿ ಜನ ನಿಲ್ಲದ ದಿನವಿಲ್ಲ, ನಿಲ್ಲುವುದು ನನಗೂ ಇಷ್ಟ. 20 ಟನ್ನಿನ ಹಿಟಾಚಿಯ ತೋಳು ಹತ್ತು ಮೀಟರಿನಷ್ಟು ದೂರ ಚಾಚುತ್ತದೆ. ಅದರ ಒಂದೂವರೆ ಪಟ್ಟು ದೂರದಲ್ಲಿ, ಆಪರೇಟರಿಗೆ ಕಾಣುವ ಹಾಗೆ ನಿಂತು, ಮಕ್ಕಳ ಕೈ ಹಿಡಿದುಕೊಂಡು ನೋಡಿ.